ಪರೇಲಿನ ಒಂದು ಕೂಜ ನೀರು

ನಾನು ಒಂದು ಹಿತ್ತಾಳೆಯ ಕೂಜ. ಹುಟ್ಟಿದ್ದು ನಾಗಮಂಗಲದ ಒಂದು ಕುಲುಮೆಯ ಮುಂದೆ. ದುಂಡು ಹೊಟ್ಟೆ, ಕಿರಿದಾದ ಕತ್ತು, ತಿರುಪಿನ ಮುಚ್ಚಳ. ನನ್ನನ್ನು ಬಡಿದು ಮಾಡಿದ ಮುದುಕ "ಇದು ಕಾಶಿಗೆ ಹೋಗಿಬರೋ ಮಾಲು" ಅಂದಿದ್ದ. ಕಾಶಿಯನ್ನು ನಾನು ನೋಡಲೇ ಇಲ್ಲ. ನೋಡಿದ್ದು ಮುಂಬೈ, ಅದೂ ನಾಲ್ಕೇ ದಿನ.

ನನ್ನನ್ನು ಕೊಂಡವನು ತಿಪಟೂರಿನ ದರ್ಜಿ ಪುಟ್ಟರುದ್ರಪ್ಪ. ಅವನಿಗೆ ಕತ್ತರಿಗಿಂತ ನಾಲಿಗೆ ಚುರುಕು. ಅಂಗಿಗೆ ಅಳತೆ ಕೊಡಲು ಬಂದವರು ಅರ್ಧ ಗಂಟೆ ಕಥೆ ಕೇಳಿಯೇ ಹೋಗಬೇಕಿತ್ತು. ಅರವತ್ತೊಂಬತ್ತನೇ ಇಸವಿಯಲ್ಲಿ ಅವನೂ ಹೆಂಡತಿ ಚನ್ನವೀರಮ್ಮನೂ ಮುಂಬೈ ನೋಡಲು ಹೊರಟರು. ಅಲ್ಲಿ ಪರೇಲಿನ ಬಟ್ಟೆ ಗಿರಣಿಯಲ್ಲಿ ಅವನ ಚಿಕ್ಕಪ್ಪನ ಮಗ ಷಡಕ್ಷರಿ ಕೆಲಸಕ್ಕಿದ್ದ. ದಾರಿಯುದ್ದಕ್ಕೂ ನಾನು ಚನ್ನವೀರಮ್ಮನ ಮಡಿಲಲ್ಲಿದ್ದೆ.

ಬೋರಿಬಂದರ್ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಕಂಡದ್ದು ಬರೀ ಕಾಲುಗಳು. ಒಂದೂ ನಡೆಯುತ್ತಿರಲಿಲ್ಲ, ಎಲ್ಲವೂ ಓಡುತ್ತಿದ್ದವು. ಲೋಕಲ್ ರೈಲಿನಲ್ಲಿ ಒಬ್ಬ ಹೆಂಗಸು ಆ ನೂಕುನುಗ್ಗಲಿನಲ್ಲೇ ಮಡಿಲಿಗೆ ಹುರುಳಿಕಾಯಿ ಸುರಿದುಕೊಂಡು ನಾರು ತೆಗೆಯುತ್ತಿದ್ದಳು. ಪುಟ್ಟರುದ್ರಪ್ಪನ ಕಣ್ಣೆಲ್ಲ ಜನರ ಬಟ್ಟೆಯ ಮೇಲೆ. "ನೋಡೇ, ಇಲ್ಲಿ ಜೇಬನ್ನ ಒಳಗಡೆ ಹೊಲೀತಾರೆ. ಒಬ್ಬರನ್ನೊಬ್ಬರು ನಂಬಲ್ಲ ಅಂತಾಯ್ತು" ಅಂದ. ಮುಂಬೈಗೆ ಬಂದು ಒಂದು ಗಂಟೆಯಾಗಿರಲಿಲ್ಲ, ಆ ಊರಿನ ಬಗ್ಗೆ ತೀರ್ಮಾನ ಆಗಿಹೋಗಿತ್ತು.

ಷಡಕ್ಷರಿ ಇದ್ದದ್ದು ಗಿರಣಿ ಕೆಲಸಗಾರರ ಒಂಟಿಕೋಣೆ ಮನೆಗಳ ಚಾಳಿನಲ್ಲಿ. ಅದರ ಮೂರನೇ ಮಹಡಿ ಹತ್ತಿದರೆ ಷಡಕ್ಷರಿಯ ಖೋಲಿಗೆ ಬೀಗ. ಅವನು ಪಾಳಿಗೆ ಹೋಗಿದ್ದ. "ನೀನಿಲ್ಲೇ ಕೂತಿರು, ಗಿರಣಿ ಎಲ್ಲಿ ಅಂತ ವಿಚಾರಿಸ್ಕೊಂಡು ಬರ್ತೀನಿ" ಎಂದು ಪುಟ್ಟರುದ್ರಪ್ಪ ಇಳಿದುಹೋದ. ಚನ್ನವೀರಮ್ಮ ಬಾಗಿಲ ಮುಂದೆ ಟ್ರಂಕಿನ ಮೇಲೆ ಕೂತಳು. ಬಿಸಿಲು ಏರಿತು. ನನ್ನೊಳಗೆ ಹನಿ ನೀರಿರಲಿಲ್ಲ.

ಪಕ್ಕದ ಖೋಲಿಯ ಹೆಂಗಸು ಹೊರಗೆ ಬಂದಳು. ಬಿಜಾಪುರದ ಕಡೆಯವಳು. ಕನ್ನಡ ಕೇಳಿ ಚನ್ನವೀರಮ್ಮನ ಮುಖ ಅರಳಿತು.

"ಷಡಕ್ಷರಿ ಅಣ್ಣಾರು ಸಂಜಿಕ್ಕ ಬರ್ತಾರ್ರಿ ಅಕ್ಕಾರ. ನೀರಡಿಕಿ ಆಗೇದೇನ್ರಿ?" ಎಂದಳು. ನನ್ನ ಕಡೆ ಕೈ ಚಾಚಿ, ಮತ್ತೆ ಹಿಂದೆಳೆದುಕೊಂಡಳು. ತನ್ನ ಜಾತಿ ಯಾವುದೆಂದು ಅವಳೇ ಹೇಳಿದಳು. "ನಮ್ಮ ಕೈಯಾನ ನೀರು ನಿಮಗ ನಡೀತದೇನ್ರಿ?"

ಊರಿನಲ್ಲಿ ನಮ್ಮ ಬೀದಿಯ ಬಾವಿಯ ಕಟ್ಟೆಯನ್ನು ಆ ಜಾತಿಯವರು ಹತ್ತುವಂತಿರಲಿಲ್ಲ. ಚನ್ನವೀರಮ್ಮ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. "ನೀರಿಗೇನಮ್ಮ, ಕೊಡು" ಅಂದಳು.

ಆ ಹೆಂಗಸು ನನ್ನನ್ನು ಕತ್ತಿನವರೆಗೆ ತುಂಬಿದಳು. ಚನ್ನವೀರಮ್ಮ ಅರ್ಧ ಕುಡಿದು, ಮಿಕ್ಕಿದ್ದರಲ್ಲಿ ಮುಖ ತೊಳೆದು, ಕಾಲ ಮೇಲೂ ಸುರಿದುಕೊಂಡಳು. ಬಾವಿಯ ನೀರಿನಲ್ಲಿ ಬೆಳೆದವಳು, ಅವಳಿಗೇನು ಗೊತ್ತು? ಹೆಂಗಸು ನನ್ನನ್ನು ಮತ್ತೆ ಒಳಗೆ ಒಯ್ದಳು. ಈ ಸಲ ತಂಬಿಗೆಯು ನೀರಿನ ಕೊಡದ ತಳವನ್ನು ಕೆರೆದ ಸದ್ದು ನನಗೆ ಕೇಳಿಸಿತು. ಮೂಲೆಯಲ್ಲಿ ಜ್ವರದ ಮಗುವೊಂದು ಮಲಗಿತ್ತು, ಅದರ ಹಣೆಯ ಬಟ್ಟೆ ಆಗಲೇ ಒಣಗಿತ್ತು.

ನನ್ನನ್ನು ಚನ್ನವೀರಮ್ಮನ ಕೈಗಿತ್ತು ಆಕೆ ಬರಿಯ ಲೋಟ ಹಿಡಿದು ಸಾಲಿನ ಒಂದೊಂದೇ ಬಾಗಿಲು ತಟ್ಟಿದಳು. ಐದನೆಯ ಮನೆಯವರು ಅರ್ಧ ಲೋಟ ಕೊಟ್ಟರು. "ನಳ ಇನ್ನ ನಾಳಿ ಮುಂಜಾನಿ ಬರೂದ್ರಿ. ಅಲ್ಲೀತನಕ ಹಿಂಗ" ಎಂದು ನಕ್ಕು ಒಳಗೆ ಹೋದಳು. ಚನ್ನವೀರಮ್ಮ ತನ್ನ ಒದ್ದೆ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

ಆಗಲೇ ಪುಟ್ಟರುದ್ರಪ್ಪ ಏದುಸಿರು ಬಿಡುತ್ತ ಬಂದ. ಯಾರಿಗೂ ಅವನ ಮಾತು ತಿಳಿದಿರಲಿಲ್ಲ, ಹೋಟೆಲಿನವನೊಬ್ಬ ಗದರಿಸಿ ಕಳಿಸಿದ್ದ. "ದರಿದ್ರ ಊರು ಕಣೇ! ಒಂದು ತೊಟ್ಟು ನೀರು ಕೊಡೋ ಮನುಷ್ಯ ಇಲ್ಲ" ಎಂದವನೇ ನನ್ನನ್ನೆತ್ತಿ ಗಟಗಟ ಕುಡಿದ. ಆಮೇಲೆ ಕೇಳಿದ: "ಇದೆಲ್ಲಿ ಸಿಕ್ತು?"

ಆ ಹೆಂಗಸು ತನ್ನ ಬಾಗಿಲಲ್ಲೇ ನಿಂತಿದ್ದಳು. ಚನ್ನವೀರಮ್ಮ ಅವಳ ಕಡೆ ನೋಡಲಿಲ್ಲ.

"ಕೆಳಗಡೆ ನಲ್ಲೀಲಿ ಬರ್ತಿತ್ತು, ಹಿಡ್ಕೊಂಡೆ."

ಕನ್ನಡ ಬಲ್ಲವಳಿಗೆ ಅದನ್ನು ಬಿಡಿಸಿ ಹೇಳಬೇಕೆ? ಆಕೆ ಬಾಗಿಲನ್ನು ಮೆಲ್ಲಗೆ, ಸದ್ದಾಗದಂತೆ ಮುಂದೆ ಮಾಡಿಕೊಂಡಳು.

ಉಳಿದ ಮೂರು ದಿನ ಸಮುದ್ರ ನೋಡಿದೆವು, ಎರಡಂತಸ್ತಿನ ಬಸ್ಸು ಹತ್ತಿದೆವು. ಚನ್ನವೀರಮ್ಮನಿಗೆ ಏನೂ ರುಚಿಸಲಿಲ್ಲ. ಹೊರಡುವ ದಿನ ಊರಿಂದ ತಂದಿದ್ದ ಕೊಬ್ಬರಿಯಲ್ಲಿ ಎರಡು ಗಿಟಕು ಸೆರಗಿನಲ್ಲಿಟ್ಟುಕೊಂಡು ಆ ಬಾಗಿಲವರೆಗೆ ಹೋದಳು. ಆ ಹೆಂಗಸು ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದಳು. "ಬಾರೇ, ರೈಲು ನಮಗೋಸ್ಕರ ನಿಂತಿರುತ್ತಾ?" ಎಂದು ಗಂಡ ಕೂಗಿದ. ಕೊಬ್ಬರಿ ನಮ್ಮ ಜೊತೆಗೇ ತಿಪಟೂರಿಗೆ ವಾಪಸು ಬಂತು.

ಅಲ್ಲಿಂದ ಮೂವತ್ತು ವರ್ಷ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಪುಟ್ಟರುದ್ರಪ್ಪ ಮುಂಬೈ ಕಥೆ ಹೇಳಿದ. "ಅಲ್ಲಿಯವರು ಮನುಷ್ಯರೇ ಅಲ್ಲ ಕಣ್ರೀ. ನಲ್ಲೀಲಿ ನೀರಿತ್ತು, ಬದುಕಿದ್ವಿ." ಆ ಮಾತು ಬಂದಾಗಲೆಲ್ಲ ಚನ್ನವೀರಮ್ಮ ಏನಾದರೊಂದು ನೆಪ ತೆಗೆದು ಎದ್ದುಹೋಗುತ್ತಿದ್ದಳು.

ಮೊಮ್ಮಗಳ ನಾಮಕರಣದ ದಿನ ಮಾತ್ರ ಏಳಲಿಲ್ಲ. "ನಲ್ಲಿ ಅಲ್ಲ" ಅಂದಳು. ಬೀಗರ ಎದುರಿಗೇ ಎಲ್ಲವನ್ನೂ ಹೇಳಿದಳು, ಆ ಹೆಂಗಸಿನ ಜಾತಿಯನ್ನೂ, ತನ್ನ ಸುಳ್ಳನ್ನೂ.

ಪುಟ್ಟರುದ್ರಪ್ಪನ ಮುಖ ಕಪ್ಪಿಟ್ಟಿತು. "ಮೂವತ್ತು ವರ್ಷ ನನ್ನ ಕೈಲಿ ಸುಳ್ಳು ಹೇಳಿಸಿದೆಯಲ್ಲೇ" ಎಂದಷ್ಟೇ ಅಂದ. ನೆಂಟರೆಲ್ಲ ಹೋದ ಮೇಲೆ, ಜಮಖಾನೆ ಮಡಿಸುತ್ತಿದ್ದವಳ ಹತ್ತಿರ ಬಂದು ಕೇಳಿದ:

"ಹೆಸರೇನು ಆಕೆದು?"

"ಕೇಳಲಿಲ್ಲ."

ಹೇಳಬಲ್ಲವನು ಷಡಕ್ಷರಿ ಒಬ್ಬನೇ. ಅವನು ಸತ್ತು ಹತ್ತು ವರ್ಷವಾಗಿತ್ತು. ಆಕೆ ಯಾರೋ ತನಗೆ ಗೊತ್ತಿಲ್ಲ, ಚಾಳನ್ನೂ ಕೆಡವಿದ್ದಾರೆಂದು ಅವನ ಮಗ ಕಾಗದ ಬರೆದ. ಆಮೇಲೆ ಯಾರಾದರೂ ಮುಂಬೈ ವಿಷಯ ಎತ್ತಿದರೆ ಪುಟ್ಟರುದ್ರಪ್ಪ ಸೂಜಿಗೆ ದಾರ ಪೋಣಿಸುತ್ತ, "ನಾಲ್ಕು ದಿನದಲ್ಲಿ ಏನು ತಿಳಿಯುತ್ತಪ್ಪ" ಅನ್ನುತ್ತಿದ್ದ.

ಈಗ ಅವರಿಬ್ಬರೂ ಇಲ್ಲ. ನಾನು ಅವರ ಮಗಳ ಮನೆಯ ಅಟ್ಟದಲ್ಲಿದ್ದೇನೆ, ಮುಚ್ಚಳ ಕಳೆದುಹೋಗಿದೆ. ಚನ್ನವೀರಮ್ಮನ ಕೊನೆಯ ದಿನಗಳು ನೆನಪಾಗುತ್ತವೆ. ಹುಣಸೆಹಣ್ಣು ಹಾಕಿ ನನ್ನನ್ನು ಉಜ್ಜುತ್ತ ಅವಳು ತನ್ನಷ್ಟಕ್ಕೇ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದಳು. "ನೀಲವ್ವ... ಶಾಂತವ್ವ... ದುರ್ಗವ್ವ..." ಒಂದೊಂದು ಹೆಸರಿಗೂ ಕೈ ನಿಲ್ಲಿಸಿ, ಆ ಮುಖವನ್ನು ನೆನೆದು, ಅಲ್ಲವೆಂದು ತಲೆಯಾಡಿಸಿ, ಮತ್ತೆ ಉಜ್ಜುತ್ತಿದ್ದಳು.