ಎಡಗೈಯ ಸಾಲು

ಆಸ್ಪತ್ರೆಯ ಚಾದರದ ಎರಡು ತುದಿ ಅವಳ ಕೈಯಲ್ಲಿ, ಇನ್ನೆರಡು ದೊಡ್ಡಕ್ಕನ ಕೈಯಲ್ಲಿ. ಎಳೆದರು, ಕೊಡವಿದರು, ಹತ್ತಿರ ಬಂದು ಮಡಚಿದರು. ಅವಳದು ಎಡಗೈ. ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಹಾಗಿದ್ದವಳು ಅವಳೊಬ್ಬಳೇ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಎಡಚಿ. ಇವಳ ಜೊತೆ ಮಡಚುವುದೆಂದರೆ ಕನ್ನಡಿಯ ಜೊತೆ ಜಗಳ ಆಡಿದ ಹಾಗೆ ಎಂದು ದೊಡ್ಡಕ್ಕ ದಿನಾ ನಗುತ್ತಿದ್ದಳು. ಇವತ್ತು ನಗಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಮೇಡಂ ಕುಳಿತಿದ್ದರು. ಕೆಲಸಗಾರರ ಬಗ್ಗೆ ಪ್ರಬಂಧ ಬರೆಯುವವರು. ಹೆಸರು ಹಾಕುವುದಿಲ್ಲ ಎಂದು ಅವರು ಮಾತು ಕೊಟ್ಟ ಮೇಲೆಯೇ ಎಡಚಿ ಬಾಯಿ ಬಿಟ್ಟಿದ್ದು. ಅವಳು ಹೇಳಿದ್ದು ಇಷ್ಟು: ಮಧ್ಯಾಹ್ನದವರೆಗೆ ಕಕ್ಕಸಿಗೆ ಬೀಗ, ಕೀಲಿ ಮೇಸ್ತ್ರಿಯ ಸೊಂಟದಲ್ಲಿ. ಅದಕ್ಕೇ ಇಷ್ಟು ಸೆಕೆಯಲ್ಲೂ ಯಾರೂ ನೀರು ಮುಟ್ಟುವುದಿಲ್ಲ. ಮೊದಲ ಕರಡಿನಲ್ಲಿ ‘ಒಬ್ಬ ಕೆಲಸಗಾರ್ತಿ’ ಎಂದಷ್ಟೇ ಇತ್ತು. ಇದರಲ್ಲಿ ಜೀವಂತ ಮನುಷ್ಯರೇ ಕಾಣುವುದಿಲ್ಲ ಎಂದು ಕಾಲೇಜಿನ ದೊಡ್ಡವರು ವಾಪಸ್ ಕಳಿಸಿದ್ದರಂತೆ. ಈಗ ತಿದ್ದಿ ತಂದಿದ್ದರು. ಮೇಸ್ತ್ರಿ ಲಾರಿಗೆ ಮೂಟೆ ಹೇರಿಸಲು ಹೋಗಿದ್ದು ನೋಡಿ ಮೇಡಂ ಓದಿದರು.

“‘ಎಡಗೈಯಲ್ಲಿ ಚಾದರ ಮಡಚುವ ತೆಳ್ಳಗಿನ ಹೆಂಗಸು. ತುಟಿ ಒಣಗಿ ಸಿಪ್ಪೆ ಎದ್ದಿದೆ.’ ಹೇಗಿದೆ?”

“ಇದು ನಾನೇ ಅಂತ ಯಾರಿಗಾದ್ರೂ ಗೊತ್ತಾಗುತ್ತೆ,” ಎಂದಳು ಎಡಚಿ. ಅಚ್ಚಾದದ್ದರ ಮೊದಲ ಪ್ರತಿ ತನಗೇ ಕೊಡಬೇಕೆಂದು ಷರತ್ತು ಹಾಕಿಯೇ ಮಾಲೀಕ ಮೇಡಂ ಅವರನ್ನು ಒಳಗೆ ಬಿಟ್ಟಿದ್ದ. ಅವನು ಓದಿದ ದಿನವೇ ಅವಳ ಅನ್ನಕ್ಕೆ ಕಲ್ಲು. ಮನೆಯಲ್ಲಿ ದುಡಿಯುವ ಕೈ ಇದೊಂದೇ.

“ಹೆಸರು ಹಾಕಿಲ್ವಲ್ಲಮ್ಮ,” ಎಂದರು ಮೇಡಂ.

“ಹೆಸರು ಹಾಕಿದ್ರೇ ವಾಸಿಯಿತ್ತು. ನನ್ನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ.”

ಆ ಸಾಲು ತೆಗೆದುಬಿಡಿ ಎಂದು ಬೇಡಿಕೊಂಡಳು. ತೆಗೆದರೆ ಪ್ರಬಂಧ ಮತ್ತೆ ವಾಪಸು, ಡಿಗ್ರಿಯೂ ನೀರುಪಾಲು ಎಂದು ಮೇಡಂ ತಮ್ಮ ಗೋಳು ತೋಡಿಕೊಂಡರು. ಬಲಗೈ ಅಂತಾದರೂ ಮಾಡಿ ಎಂದಳು. ಪ್ರಬಂಧದಲ್ಲಿ ಸುಳ್ಳು ಬರೆಯುವ ಹಾಗಿಲ್ಲವಂತೆ.

ದೊಡ್ಡಕ್ಕ ಚಾದರ ಕೆಳಗಿಟ್ಟಳು. ಆಚೆ ಇಸ್ತ್ರಿ ಮಾಡುತ್ತಿದ್ದವರ ಕೈಯೂ ನಿಂತಿತು.

“ಬಾಯಾರೋದು ಇವಳೊಬ್ಬಳಿಗೇನಾ? ಎಡಗೈ, ಬಲಗೈ ಯಾವುದೂ ಬೇಡ. ಇಲ್ಲಿರೋರೆಲ್ಲ ಹೇಳಿದ್ರು ಅಂತ ಬರೀರಿ. ಅದೇನು ಸುಳ್ಳಲ್ಲ,” ಎಂದಳು ದೊಡ್ಡಕ್ಕ.

ಇಸ್ತ್ರಿಯವರು ಒಬ್ಬೊಬ್ಬರೇ ಬಂದು ಎಡಚಿಯ ಪಕ್ಕದಲ್ಲಿ ನಿಂತರು.

ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಚೀಲದಿಂದ ಬಾಟಲಿ ತೆಗೆದು ನೀರು ಕುಡಿದರು. ಎಲ್ಲರೂ ಆ ನೀರನ್ನೇ ನೋಡುತ್ತಿದ್ದರು.

“ಎಲ್ಲರೂ ಹೇಳಿದ್ರು ಅಂತ ಬರೀರಿ ಮೇಡಂ,” ಎಂದಳು ಎಡಚಿ.