ಉಳಿದ ಐದು ಪುಟ

"ತಪ್ಪು ತಿಳ್ಕೋಬೇಡಿ ಅತ್ತಿಗೆ, ಇವತ್ತು ಕೇಳಬಾರದು," ಎನ್ನುತ್ತಲೇ ಹಳೇ ಪುಸ್ತಕದ ಅಂಗಡಿಯವರು ಕಪಾಟಿನ ಬಾಗಿಲು ತೆಗೆದೇಬಿಟ್ಟಿದ್ದರು. "ಆ ಮಾಯಾ ಅಂಚೆಯವನ ಕಾಮಿಕ್ಸು ಎಲ್ಲಿಟ್ಟಿದಾರೆ? ಕೊಳ್ಳೋರು ಸಂಜೆ ಊರು ಬಿಡ್ತಾರೆ. ಅಣ್ಣ ಚೀಟಿ ಬರೆದಿದ್ರೆ ಸಾಕು."

ಅಣ್ಣ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಹಳೆಯ ಕಾಮಿಕ್ಸ್ ಮಾರುವವರು, ಕೊಳ್ಳುವವರು ಎಲ್ಲರಿಗೂ ಅವರು 'ಭೂತಗನ್ನಡಿ'. ಪುಸ್ತಕದ ಬೆನ್ನಿನ ಸೀಳು, ಪಿನ್ನಿನ ತುಕ್ಕು, ಯಾವುದೋ ಮಗು ಕತ್ತರಿಸಿಕೊಂಡ ಕೂಪನ್ನು, ಮಾಸಿದ ಮುಖಪುಟಕ್ಕೆ ಕಳ್ಳತನದಲ್ಲಿ ತುಂಬಿದ ಬಣ್ಣ, ಒಂದೂ ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹತ್ತಕ್ಕೆ ಇಷ್ಟು ಅಂಕ ಎಂದು ಚೀಟಿ ಬರೆದು ಸಹಿ ಹಾಕಿದರೆ ಮುಗಿಯಿತು, ಬೆಲೆಯ ಬಗ್ಗೆ ಯಾರೂ ಚಕಾರವೆತ್ತುತ್ತಿರಲಿಲ್ಲ. ತಮ್ಮದೇ ಮದುವೆ ಫೋಟೊವನ್ನು ತಿರುಗಿಸಿ ನೋಡಿ "ಮೂಲೆ ಮಡಿಚಿದೆ, ಏಳು" ಎಂದ ಮಹಾಶಯ.

"ಡ್ರಾಯರಿನಲ್ಲಿದೆ," ಎಂದರು ಹೆಂಡತಿ. "ಚೀಟಿ ಬರೆದಿಲ್ಲ. ಇನ್ನೂ ಐದು ಪುಟ ಉಳಿದಿದೆ."

"ಇಪ್ಪತ್ತೇಳು ನೋಡಿದಾರಲ್ಲ, ಸಾಕು ಬಿಡಿ. ಅಂಥ ಕಣ್ಣು ಇನ್ನು ಸಿಗುತ್ತಾ? ಅದರಲ್ಲೂ ಕೊನೇ ನಾಲ್ಕು ವರ್ಷ ಏನು ಹರಿತ! ಆ ಬೇರೆ ಹಾಳೆ ಸೇರಿಸಿದ್ದನ್ನ ಹಿಡಿದಾಗ ನಾವೆಲ್ಲ ದಂಗಾಗಿಹೋದ್ವಿ."

ಹೆಂಡತಿ ದೀಪಕ್ಕೆ ಎಣ್ಣೆ ಹಾಕಿದರು. ನಿಜ ಹೇಳುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದರು.

*

ನಾಲ್ಕು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಕೈಚೆಲ್ಲಿದ ದಿನ ಗಂಡ ಮನೆಗೆ ಬಂದವರೇ ಭೂತಗನ್ನಡಿಯನ್ನು ಹೆಂಡತಿಯ ಕೈಗಿತ್ತರು. "ನೀನು ನೋಡಿ ಹೇಳು, ನಾನು ಅಂಕ ಹಾಕ್ತೀನಿ."

ಆಕೆ ಬೇಗ ಕಲಿತರು. ಆದರೆ ಒಂದು ಚಾಳಿ, ಓದದೆ ನೋಡಲು ಬರುತ್ತಿರಲಿಲ್ಲ. ಗಂಡ ರೇಗುತ್ತಿದ್ದರು. ನಲವತ್ತು ವರ್ಷ ಸಾವಿರಾರು ಕಾಮಿಕ್ಸ್‌ಗೆ ಬೆಲೆ ಕಟ್ಟಿದ ಮನುಷ್ಯ ಒಂದನ್ನೂ ಕೊನೆಯವರೆಗೆ ಓದಿರಲಿಲ್ಲ. ಕತೆಯಲ್ಲಿ ಮುಳುಗಿದರೆ ತಪ್ಪು ಕಾಣುವುದಿಲ್ಲ ಎಂಬುದು ಅವರ ವಾದ.

"ರೀ, ಹದಿನಾಲ್ಕನೇ ಪುಟದಲ್ಲಿ ಇವನು ಮಹಡಿ ಮೇಲಿದ್ದ," ಎಂದರು ಆಕೆ ಒಂದು ಮಧ್ಯಾಹ್ನ. "ಹದಿನೈದರಲ್ಲಿ ದೋಣೀಲಿದಾನೆ."

"ಪುಟ ಎಣಿಸಿದ್ದೀನಿ. ಸರಿಯಿದೆ."

"ಎಣಿಕೆ ಸರಿಯಿದೆ ರೀ. ಕತೆ ಸರಿಯಿಲ್ಲ."

ಯಾರೋ ಬೇರೊಂದು ಸಂಚಿಕೆಯ ನಡುಹಾಳೆಯನ್ನು ತಂದು ಅದೇ ಪಿನ್ನಿಗೆ ಸಿಕ್ಕಿಸಿದ್ದರು. ಗಂಡ ಅದಕ್ಕೆ ಎಂಟು ಕೊಡುವುದರಲ್ಲಿದ್ದರು. ಪೆನ್ನು ಕೆಳಗಿಟ್ಟು, "ಮೊದಲಿಂದ ಓದು, ಗಟ್ಟಿಯಾಗಿ," ಎಂದರು.

ಅಂದಿನಿಂದ ಪ್ರತಿ ಪುಸ್ತಕವೂ ಹಾಗೆಯೇ. ಅರ್ಧ ಪುಟ ಕತೆ, ನಡುವೆ ತುಕ್ಕಿನ ವರದಿ, ಮತ್ತೆ ಕತೆ. "ಧಡಾರ್ ಅಂತ ಇದ್ರೆ ಧಡಾರ್ ಅಂತಲೇ ಅನ್ನು, ನುಂಗಬೇಡ," ಎಂದು ಗದರುವರು. ಕಳ್ಳ ಕೆಸರಿಗೆ ಬಿದ್ದರೆ ಹೊಟ್ಟೆ ಹಿಡಿದುಕೊಂಡು ನಗುವರು. ಅಷ್ಟು ವರ್ಷದ ಸಂಸಾರದಲ್ಲಿ ಆಕೆಗೆ ಆ ನಾಲ್ಕೇ ವರ್ಷ ಅತ್ಯಂತ ಸುಖದವು.

"ಯಾರಿಗೂ ಹೇಳಬೇಡ, ನಾನು ಹೋದ ಮೇಲೂ," ಎಂದಿದ್ದರು. "ನನ್ನ ಹೆಸರು ಮಣ್ಣುಪಾಲಾಗುತ್ತೆ."

ಆಕೆ ಆಗಲಿ ಎಂದರು. ನನಗೂ ಒಂದು ಹೆಸರು ಬೇಡವೇ ಎಂದು ಅನಿಸಿತ್ತು, ಬಾಯಿಬಿಟ್ಟು ಕೇಳಲಿಲ್ಲ.

ಕೊನೆಯ ಸಂಜೆ ಓದುತ್ತಿದ್ದದ್ದು ಮಾಯಾ ಅಂಚೆಯವನ ಕತೆ. ಟೋಪಿ ಹಾಕಿದರೆ ಅವನು ಯಾರ ಕಣ್ಣಿಗೂ ಕಾಣುವುದಿಲ್ಲ. ಸೆರೆಮನೆಯ ಗೋಡೆ ಹತ್ತುವಾಗ ಗಾಳಿ ಎದ್ದಿತು. ಅಷ್ಟರಲ್ಲಿ ಗಂಡನಿಗೆ ಸುಸ್ತಾಯಿತು.

"ಉಳಿದದ್ದು ನಾಳೆ. ನೀನೊಬ್ಬಳೇ ಓದಿಕೊಂಡುಬಿಟ್ಟೀಯೆ, ಹುಷಾರ್," ಎಂದು ಮಲಗಿದವರು ಬೆಳಗ್ಗೆ ಏಳಲಿಲ್ಲ.

*

ಅಂಗಡಿಯವರು ಕಾಮಿಕ್ಸನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದರು.

"ಕೊಡಿ ಇಲ್ಲಿ," ಎಂದರು ಹೆಂಡತಿ. ಕೈ ಒರೆಸಿಕೊಂಡು ಹೋಗಿ ಗಂಡನ ತಲೆಯ ಬಳಿ ಕೂತು ಇಪ್ಪತ್ತೆಂಟನೇ ಪುಟ ತೆಗೆದರು.

"ಅಮ್ಮಾ, ಏನಿದು? ಎಲ್ಲಾ ನೋಡ್ತಿದಾರೆ," ಎಂದಳು ಮಗಳು.

"ನೋಡ್ಲಿ. ಇವರು ಕಾಯ್ತಿದಾರೆ."

ಮೊದಲು ಪಿಸುದನಿಯಲ್ಲಿ ಓದಿದರು. ಬರುಬರುತ್ತ ದನಿ ಏರಿತು. "ಸೊಂಯ್! ಟೋಪಿ ಹಾರಿತು. ಕಾವಲುಗಾರ: ಯಾರಲ್ಲಿ? ಅಂಚೆಯವ: ಯಾರೂ ಇಲ್ಲ ಸ್ವಾಮಿ! ಧಡಾರ್!"

ಪಕ್ಕದ ಮನೆಯವರು ಮುಖ ಮುಖ ನೋಡಿಕೊಂಡರು. ಯಾರೋ ಬಿಕ್ಕಿದರು. ಇನ್ಯಾರಿಗೋ ನಗು ಬಂದು ಕೆಮ್ಮಿದರು.

"ಕೆಳಗಿನ ಮೂಲೆ ಮಡಿಚಿದೆ ರೀ. ಪಿನ್ನಿನ ಹತ್ತಿರ ತುಕ್ಕು, ಸಾಸಿವೆ ಕಾಳಿನಷ್ಟು. ಅರ್ಧ ಅಂಕ ಕಳೀಲಾ?" ಎಂದು ಕೇಳಿ, ನಾಲ್ಕು ವರ್ಷದ ಅಭ್ಯಾಸದಂತೆ ಉತ್ತರಕ್ಕೆ ಕಾದರು. "ಕಳೀತೀನಿ."

ಆಡಿದ ಮೇಲೆ ತಾವು ಅಂದದ್ದೇನೆಂದು ಹೊಳೆಯಿತು. ತಲೆಯೆತ್ತಿದರೆ ಅಂಗಡಿಯವರು ಖಾಲಿ ಚೀಲ ಹಿಡಿದು ಕಲ್ಲಿನಂತೆ ನಿಂತಿದ್ದರು. ಅವರಿಗೆ ಎಲ್ಲವೂ ಗೊತ್ತಾಗಿತ್ತು. ನಾಲ್ಕು ವರ್ಷದ ಚೀಟಿಗಳು, ಗಂಡನ ಹೆಸರು, ಎಲ್ಲ ಈಗ ಈ ಒಬ್ಬರ ನಾಲಿಗೆಯ ತುದಿಯಲ್ಲಿತ್ತು. ಹೆಂಡತಿ ಪುಟದ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದರು.

ಅಷ್ಟರಲ್ಲಿ ಹೆಣ ಸಾಗಿಸುವ ವ್ಯಾನಿನ ಡ್ರೈವರು ಬಾಗಿಲಲ್ಲಿ ತಲೆಹಾಕಿದ. "ಹೊತ್ತಾಯ್ತು. ಎತ್ತೋಣವಾ?"

ಅಂಗಡಿಯವರು ಹೋಗಿ ಅವನಿಗೆ ಅಡ್ಡ ನಿಂತರು. "ಇಂಜಿನ್ ಆರಿಸಿ ಬಾಪ್ಪಾ. ಇನ್ನೂ ನಾಲ್ಕು ಪುಟ ಇದೆ."

"ಏನು ಪುಟ?"

"ಪುಸ್ತಕ ಪರೀಕ್ಷೆ ನಡೀತಿದೆ. ನಮ್ಮ ಅತ್ತಿಗೆ ನೋಡ್ತಿದಾರೆ."

ಆಮೇಲೆ ಅವರು ಮೇಜಿನ ಮೇಲಿದ್ದ ಚೀಟಿಗಳ ಕಟ್ಟು ಮತ್ತು ಪೆನ್ನನ್ನು ತಂದು ಆಕೆಯ ಮೊಣಕಾಲ ಬಳಿ ಇಟ್ಟು, ತಾವೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.