ದೊರೆಗೆ ಹೇಳಿದ ಪಥ್ಯ

ದೊರೆ ನಮ್ಮ ಮನೆಯ ಹೋತ. ಒಂಬತ್ತು ವರ್ಷ; ಆಡುಗಳ ಲೆಕ್ಕದಲ್ಲಿ ನನ್ನ ವಾರಿಗೆಯವನೇ. ಗಡ್ಡ ನೆಲ ಗುಡಿಸುತ್ತಿತ್ತು, ಹೊಟ್ಟೆ ಕೊಟ್ಟಿಗೆಯ ಬಾಗಿಲನ್ನು ಎರಡೂ ಕಡೆ ಸವರುತ್ತಿತ್ತು. ಅವನ ವಾಸನೆ ಬೀದಿಯ ತುದಿಗೆ ಮುಟ್ಟಿದರೆ ಸಾಕು, ಹೆಣ್ಣಾಡುಗಳು ಹಗ್ಗ ಕಿತ್ತುಕೊಳ್ಳುತ್ತಿದ್ದ ಕಾಲವೊಂದಿತ್ತು. ವಾಸನೆಗೆ ಈಗಲೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬೇರೆ ಕಡೆ.

ಆ ಸಲ ಆರು ಆಡುಗಳನ್ನು ಅವನ ಬಳಿ ಬಿಟ್ಟೆವು. ಗಬ್ಬ ನಿಂತರೆ ಆಡು ತೆಪ್ಪಗಿರುತ್ತದೆ. ನಿಲ್ಲದಿದ್ದರೆ ಮೂರು ವಾರಕ್ಕೆ ಮತ್ತೆ ಬೆದೆಗೆ ಬಂದು, ಬಾಲ ಅಲ್ಲಾಡಿಸುತ್ತ, ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ನಮ್ಮವು ಒಂದರ ಹಿಂದೊಂದು ಆರೂ ಕೂಗಿದವು.

ಹಾಲಿನ ಅಂಗಡಿ ನೋಡಿಕೊಳ್ಳುವವಳು ನಮ್ಮ ಸೊಸೆ. ಕ್ಯಾನು ತೊಳೆಯುತ್ತಲೇ ಮಾತು ಮುಗಿಸಿದಳು. "ಮರಿ ಇಲ್ಲ ಅಂದ್ರೆ ಹಾಲಿಲ್ಲ. ಹಾಲಿಲ್ಲ ಅಂದ್ರೆ ಅಂಗಡಿ ಮುಚ್ಚಿ ನಾವೂ ಮೇ ಮೇ ಅಂತ ಕೂತ್ಕೋಬೇಕು. ಮಾವ, ಬೇಜಾರು ಮಾಡ್ಕೋಬೇಡಿ, ಕಸಾಯಿ ಅಂಗಡಿಯವರಿಗೆ ಹೇಳಿದೀನಿ."

ನಮ್ಮ ಮನೆಯವರು ತಿನ್ನುತ್ತಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟು ಕೊಟ್ಟಿಗೆಗೆ ಹೋದರು. ತಾಯಿ ಮೊಲೆ ಕೊಡದೆ ಒದ್ದಾಗ ಮರಿಯಾಗಿದ್ದ ದೊರೆಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವರು ಅವರು.

"ಕತ್ತರಿಸೋಕೆ ಏನವಸರ? ಒಂದ್ಸಲ ಡಾಕ್ಟರಿಗೆ ತೋರಿಸೋಣ," ಎಂದೆ ನಾನು.

ಪಶುವೈದ್ಯೆ ಇನ್ನೂ ಚಿಕ್ಕ ಹುಡುಗಿ, ಮೊಣಕಾಲವರೆಗೆ ರಬ್ಬರ್ ಬೂಟು. ದೊರೆಯಿಂದ ಏನು ಬೇಕೋ ಅದನ್ನು ಪಡೆದುಕೊಂಡು, ಸೂಕ್ಷ್ಮದರ್ಶಕವನ್ನು ಹಾಲಿನ ಕೋಣೆಯ ಮೇಜಿನ ಮೇಲಿಟ್ಟು ಬಗ್ಗಿದಳು.

"ಬೀಜ ಇದೆ ಅಜ್ಜಿ. ಆದ್ರೆ ಕಮ್ಮಿ. ಇರೋವೂ ಇವನ ಹಾಗೇ, ಅಲ್ಲಾಡೋಕೂ ಸೋಮಾರಿತನ. ಏನು ತಿನ್ನಿಸ್ತೀರಿ ಇವನಿಗೆ?"

"ಏನಿಲ್ಲ ತಾಯಿ," ಎಂದರು ನಮ್ಮ ಮನೆಯವರು. "ಹುಲ್ಲು, ಒಂದ್ ಡಬ್ಬ ಹಿಂಡಿ. ಅಷ್ಟೇ."

ಅಷ್ಟರಲ್ಲಿ ಪಕ್ಕದ ಗೋಡೆಯ ಮೇಲಿಂದ ಬೇಕರಿಯವನ ತಲೆ ಕಾಣಿಸಿತು. "ದೊರೇ, ಬಾರೋ ರಾಜ!" ಎಂದು ನಿನ್ನೆಯ ಬ್ರೆಡ್ಡನ್ನು ಇತ್ತ ಎಸೆದ. ಆರು ಹೆಣ್ಣುಗಳು ಕರೆದರೂ ಮಂಡಿ ಎತ್ತದವನು ಕುದುರೆಯ ಹಾಗೆ ಓಡಿದ.

ವೈದ್ಯೆ ನಗು ತಡೆಯಲಾಗದೆ ಬೂಟು ನೋಡಿಕೊಂಡಳು. "ಮೇವಲ್ಲಿ ಕಾಲು ಭಾಗ ಕಮ್ಮಿ ಮಾಡಿ. ವಯಸ್ಸಾದ ಗಂಡಿಗೆ ಮಿತವಾಗಿ ಕೊಟ್ರೆ ಬೀಜ ಚುರುಕಾಗೋದನ್ನ ಕೆಲವು ಪ್ರಾಣಿಗಳಲ್ಲಿ ಕಂಡಿದಾರೆ, ಕೆಲವದರಲ್ಲಿ ಏನೂ ಆಗಿಲ್ಲ. ಇವನು ತುಂಬಾ ದಪ್ಪ, ನೋಡೇಬಿಡೋಣ. ಹಾಗಂತ ಉಪವಾಸ ಕೆಡವಬೇಡಿ, ಅದು ಇನ್ನೂ ಕೇಡು. ಹೊಸ ಬೀಜ ತಯಾರಾಗೋಕೆ ಎರಡು ತಿಂಗಳು ಬೇಕು. ನಾಳೇನೇ ಮರಿ ಕೇಳಬೇಡಿ."

"ಎರಡೇ ತಿಂಗಳು," ಎಂದಳು ಸೊಸೆ. "ಆಮೇಲೆ ಯಾರೂ ನನ್ನ ಬೈಯೋ ಹಾಗಿಲ್ಲ."

ಪಥ್ಯ ಶುರುವಾಯಿತು. ದೊರೆಯ ಹೊಟ್ಟೆ ನೋಡನೋಡುತ್ತಲೇ ಇಳಿಯಿತು. ಬಾಗಿಲಲ್ಲಿ ಗಾಳಿ ಆಡುವಷ್ಟು ಜಾಗವಾಯಿತೆಂದು ನಾವೆಲ್ಲ ಹಿಗ್ಗಿದೆವು. ಆದರೆ ಇಳಿಯುವುದು ನಿಲ್ಲಲೇ ಇಲ್ಲ. ಕೂದಲು ಒರಟಾಯಿತು, ಪಕ್ಕೆಲುಬು ಕಂಡವು. ಎದುರಿಗೇ ಆಡು ಬಂದು ನಿಂತರೂ ಅವನು ಮೂಸದೆ ಗೋಡೆ ನೋಡುತ್ತಿದ್ದ. ನಮ್ಮ ಮನೆಯವರು ಕೊಟ್ಟಿಗೆಯ ಮೆಟ್ಟಿಲ ಮೇಲೆ ಅವನ ಜೊತೆಗೇ ಸೊರಗುತ್ತ ಕೂತರು.

ಕರೆಸಿದಾಗ ವೈದ್ಯೆ ಅವನ ಎದೆಗೆ ಟೇಪು ಸುತ್ತಿದಳು. ಮುಖ ಗಂಟಿಕ್ಕಿತು. "ಕಾಲು ಭಾಗ ಅಂದಿದ್ದೆ ನಾನು. ಇದು ಅರ್ಧಕ್ಕಿಂತ ಜಾಸ್ತಿ. ಯಾರು ಮಾಡಿದ್ದು?"

ಇವರು, "ಡಬ್ಬದಲ್ಲಿ ಕಾಲು ಭಾಗ ತೆಗೆದೇ ಹಾಕ್ತಿದ್ದೆ. ಆಮೇಲೆ... ಇವಳು ಕದ್ದು ಹಾಕ್ತಾಳೆ ಅಂತ ಗೊತ್ತಿತ್ತು. ಅದಕ್ಕೆ ಇನ್ನೊಂದು ಹಿಡಿ ತೆಗೆದೆ," ಎಂದರು.

"ನಾನಾ?" ಎಂದೆ. "ಕದ್ದು ಹಾಕೋರು ನೀವು ಅಂತ ನಾನೂ ತೊಟ್ಟಿಯಿಂದ ದಿನಾ ಒಂದು ಬೊಗಸೆ ಎತ್ತಿದೆ!"

"ಇಬ್ಬರ ಮೇಲೂ ನಂಬಿಕೆ ಇರಲಿಲ್ಲ ನಂಗೆ," ಎಂದು ಗೋಡೆಯ ಮೇಲಿಂದ ಬೇಕರಿಯವನು ಒಪ್ಪಿಕೊಂಡ. "ಕೈ ಚಾಚಿ ಹುಲ್ಲು ಎಳ್ಕೊಂಡ್ಬಿಡ್ತಿದ್ದೆ."

ಎಲ್ಲರ ಕಣ್ಣೂ ಸೊಸೆಯ ಕಡೆ ತಿರುಗಿತು. ಅವಳು ಸೆರಗಿನಲ್ಲಿ ಕೈ ಒರೆಸಿದ್ದೇ ಒರೆಸಿದ್ದು. "ನಾನೂ," ಎಂದಳು. "ಹಿಂಡಿ ಒಂದು ಹಿಡಿ."

"ನೀನ್ಯಾಕಮ್ಮ? ನೀನು ಅವನನ್ನ ಕೊಡೋಳಲ್ವಾ?" ಎಂದರು ಇವರು.

"ಕೊಡೋದು ನಂಗೇನು ಹಬ್ಬಾನಾ ಮಾವ? ನೀವೆಲ್ಲಾ ಸೇರಿ ಪಥ್ಯ ಕೆಡಿಸ್ತೀರಿ ಅಂತ ತೆಗೆದೆ. ಉಳೀಲಿ ಅಂತಾನೇ ತೆಗೆದಿದ್ದು!" ಅವಳು ಬಕೆಟ್ ಎತ್ತಿ ನಲ್ಲಿಗೆ ಹೋದಳು.

"ಇವತ್ತಿಂದ ಮೊದಲಿಂದ ಲೆಕ್ಕ," ಎಂದಳು ವೈದ್ಯೆ. "ಮತ್ತೆ ಎರಡು ತಿಂಗಳು. ಒಬ್ಬರೇ ಹಾಕಬೇಕು, ಒಬ್ಬರೇ ತೆಗೀಬೇಕು."

ಸೊಸೆ ನಲ್ಲಿಯ ಬಳಿಯಿಂದಲೇ, "ಡಬ್ಬ ಇಲ್ಲಿ ಕೊಡಿ," ಎಂದಳು. ಸಂಜೆ ಕಸಾಯಿ ಅಂಗಡಿಗೆ ಫೋನು ಮಾಡಿ, ಇನ್ನಷ್ಟು ದಿನ ತಡೆಯಿರೆಂದು ಅವಳೇ ಹೇಳಿದಳು.

ಅಲ್ಲಿಂದ ಡಬ್ಬ ಅವಳ ಸೊಂಟ ಬಿಡಲಿಲ್ಲ. ದೊರೆ ಮತ್ತೆ ಒಂದಿಷ್ಟು ತುಂಬಿಕೊಂಡ, ಮೊದಲಿನಷ್ಟಲ್ಲ. ಕೂದಲು ಮಿನುಗಿತು. ಎರಡು ತಿಂಗಳಾದ ಮೇಲೆ ಆಡುಗಳನ್ನು ಬಿಟ್ಟಾಗ, ಅವನು ತುಟಿ ಸುರುಟಿ ಗಡ್ಡ ಅಲ್ಲಾಡಿಸಿದ ಠೀವಿಗೆ ನಾನೇ ಮುಖ ತಿರುಗಿಸಿಕೊಳ್ಳಬೇಕಾಯಿತು.

ಮತ್ತೆ ಮೂರು ವಾರದ ಕಾಯುವಿಕೆ. ಆಡುಗಳು ಕೂಗಬೇಕಾದ ವಾರದ ಕೊನೆಯಲ್ಲಿ ಒಂದು ಬೆಳಿಗ್ಗೆ ಕಸಾಯಿಯವನು ತಾನಾಗಿಯೇ ಹಗ್ಗ ಹಿಡಿದು ಬಂದ. ಎಲ್ಲರೂ ಕೊಟ್ಟಿಗೆಯ ಬಾಗಿಲಲ್ಲಿ ಕಿವಿಯಾಗಿ ನಿಂತೆವು.

"ಏನಾಯ್ತು?" ಎಂದು ಗೋಡೆಯ ಮೇಲಿಂದ ಬೇಕರಿಯವನು ಕೂಗಿದ.

"ಶ್!" ಎಂದಳು ಸೊಸೆ.

ಕಿವಿ ಹರಿದ ಆಡೊಂದು ಗಂಟಲು ಹರಿಯುವಂತೆ ಕೂಗಿತು. ಇವರು ಮೆಟ್ಟಿಲ ಮೇಲೆ ಕುಸಿದರು. ಕಾದೆವು. ಮಿಕ್ಕ ಐದೂ ಮೆಲುಕು ಹಾಕುತ್ತ, ನಮ್ಮನ್ನೇ ಕೆಲಸವಿಲ್ಲದವರೆಂಬಂತೆ ನೋಡಿದವು. ವಾರ ಪೂರ್ತಿ ಅವುಗಳ ಬಾಯಿಂದ ಒಂದು ಸೊಲ್ಲೂ ಬಂದಿರಲಿಲ್ಲ.

"ಹಾಗಾದ್ರೆ ನಾನು?" ಎಂದ ಕಸಾಯಿಯವನು.

"ಟೀ ಕುಡ್ಕೊಂಡು ಹೋಗಿ ಅಣ್ಣ," ಎಂದಳು ಸೊಸೆ, ನಗು ಅವಳಿಗೇ ತಡೆಯದೆ.

ದೊರೆ ಬಂದು ಇವರ ಜೇಬಿಗೆ ಮೂತಿ ತೂರಿಸಿದ. ಇವರು ಸೊಸೆಯ ಕಡೆ ನೋಡಿ, ಖಾಲಿ ಎಂದು ತೋರಿಸಲು ಜೇಬನ್ನು ಒಳಗಿಂದ ಹೊರಗೆ ಎಳೆದರು. ದೊರೆ ಜೇಬಿನ ಬಟ್ಟೆಯನ್ನೇ ಅಗಿಯತೊಡಗಿದ.